ಫಾಲೋ-ಅಪ್‌ಗೆ ಬಾರದವರ ಲೆಕ್ಕ: ಪುನರ್ವಸತಿ ಅಧ್ಯಯನ ಮಾಡುವವರಿಗೆ ಒಂದು ಮಾರ್ಗದರ್ಶಿ

ಲಕ್ವ ಹೊಡೆದವರಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸಿದರೆ ಒಂದು ವರ್ಷದ ಮೇಲೆ ನಡಿಗೆ ಸುಧಾರಿಸುತ್ತದಾ? ಹೀಗೊಂದು ಪ್ರಶ್ನೆ ಇಟ್ಟುಕೊಂಡು ಹಾಸನದಲ್ಲಿ ಅಧ್ಯಯನ ಶುರು ಮಾಡುತ್ತೀರಿ ಅಂದುಕೊಳ್ಳಿ. ಮೊದಲ ದಿನ ಎಲ್ಲರೂ ಇರುತ್ತಾರೆ. ಮೂರನೇ ತಿಂಗಳಿಗೆ ಒಂದಷ್ಟು ಜನ ಬರುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಎಕ್ಸೆಲ್ ಶೀಟಿನ ತುಂಬ ಖಾಲಿ ಮನೆಗಳು. ಆಗ ಹೆಚ್ಚಿನವರು ಬಂದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ಥೀಸಿಸ್ ಮುಗಿಸುತ್ತಾರೆ.

ತೊಂದರೆ ಏನು ಅಂದರೆ, ನಮ್ಮ ಕಡೆ ಎರಡು ಥರದ ಜನ ಬಿಟ್ಟು ಹೋಗುತ್ತಾರೆ. ಚೆನ್ನಾಗಿ ಆಗಿ ತೋಟದ ಕೆಲಸಕ್ಕೆ ಮರಳಿದವರು ಒಂದು ಥರ. ಹಾಸಿಗೆ ಹಿಡಿದು ಬಸ್ ಹತ್ತಲಾಗದವರು ಇನ್ನೊಂದು ಥರ. ಶೀಟಿನಲ್ಲಿ ಇಬ್ಬರೂ ಒಂದೇ ಥರ ಖಾಲಿ. ಮೊದಲನೆಯವರು ಹೋದರೆ ನಿಮ್ಮ ಚಿಕಿತ್ಸೆ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ. ಎರಡನೆಯವರು ಹೋದರೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಫಲಿತಾಂಶ ಹೀಗೆ ಒಂದು ಕಡೆಗೆ ವಾಲುವುದನ್ನೇ ಬಯಾಸ್ ಅನ್ನುತ್ತೇವೆ. ಯಾವ ಕಡೆಗೆ ವಾಲಿದೆ ಅಂತ ತಿಳಿಯಬೇಕಾದರೆ ಬಾರದವರ ಕಾರಣ ಗೊತ್ತಿರಬೇಕು. ಆ ಕಾರಣವನ್ನು ವರ್ಷ ಕಳೆದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಫಿಸಿಯೋಥೆರಪಿ, ನರ್ಸಿಂಗ್, ಕಮ್ಯುನಿಟಿ ಮೆಡಿಸಿನ್ ಓದುತ್ತಿರುವವರು, ಮತ್ತೆ ಇಂಥ ಅಧ್ಯಯನಕ್ಕೆ ಮನೆ ಮನೆ ತಿರುಗುವ ಸಿಬ್ಬಂದಿ, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

1. ಮೊದಲು ಕ್ಯಾಲೆಂಡರ್ ತೆರೆಯಿರಿ

ಸಂಖ್ಯಾಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಬೇಕಾದ್ದು ಗೋಡೆಯ ಕ್ಯಾಲೆಂಡರ್. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಅರೇಬಿಕಾ ಕುಯ್ಲು ಸುಮಾರಾಗಿ ನವೆಂಬರ್‌ನಿಂದ ಜನವರಿ ತನಕ. ಅದು ಮುಗಿಯುತ್ತಿದ್ದ ಹಾಗೆ ರೋಬಸ್ಟಾ ಶುರು, ಮಾರ್ಚ್ ತನಕ ನಡೆಯುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಹೋದರೆ ನವೆಂಬರ್-ಡಿಸೆಂಬರ್ ರಾಗಿ ಕುಯ್ಲು. ಈ ತಿಂಗಳುಗಳಲ್ಲಿ ಕೈಕಾಲು ಆಡುವ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಅಂದರೆ ಚೆನ್ನಾಗಿ ಆದವರೇ ತಪ್ಪಿಸಿಕೊಳ್ಳುತ್ತಾರೆ.

ಜೂನ್‌ನಿಂದ ಆಗಸ್ಟ್ ಇದಕ್ಕೆ ಪೂರ್ತಿ ಉಲ್ಟಾ. ಮಲೆನಾಡಿನ ಮಳೆಯಲ್ಲಿ ಗಟ್ಟಿ ಇರುವವರು ಹೇಗೋ ಬರುತ್ತಾರೆ. ಕೋಲು ಹಿಡಿದು ನಡೆಯುವವರು, ವೀಲ್‌ಚೇರ್‌ನಲ್ಲಿ ಇರುವವರು, ಜಾರುವ ದಿಬ್ಬ ಇಳಿದು ಬಸ್ ನಿಲ್ಲುವ ಜಾಗಕ್ಕೆ ಬರಲಾರರು. ಆಗ ತಪ್ಪಿಸಿಕೊಳ್ಳುವವರು ಕಷ್ಟದಲ್ಲಿರುವವರು.

ಈಗ ಲೆಕ್ಕ ಹಾಕಿ. ಡಿಸೆಂಬರ್-ಜನವರಿಯಲ್ಲಿ ಸೇರಿಸಿಕೊಂಡರೆ ಆರು ತಿಂಗಳ ಫಾಲೋ-ಅಪ್ ಮಳೆಗೆ ಬೀಳುತ್ತದೆ. ಮೇ-ಜೂನ್‌ನಲ್ಲಿ ಸೇರಿಸಿಕೊಂಡರೆ ಕುಯ್ಲಿಗೆ ಬೀಳುತ್ತದೆ. ಒಂದೇ ಅಧ್ಯಯನ, ಒಂದೇ ಊರು, ಆದರೆ ಯಾವ ತಿಂಗಳು ಶುರು ಮಾಡಿದಿರಿ ಅನ್ನುವುದರ ಮೇಲೆ ಬಯಾಸ್‌ನ ದಿಕ್ಕೇ ಬದಲಾಗುತ್ತದೆ! ಆದ್ದರಿಂದ ಸಾಧ್ಯವಾದರೆ ಎಲ್ಲರನ್ನೂ ಒಂದೇ ತಿಂಗಳಲ್ಲಿ ಸೇರಿಸಬೇಡಿ, ವರ್ಷದುದ್ದಕ್ಕೂ ಹಂಚಿ. ಥೀಸಿಸ್ ಅವಸರದಲ್ಲಿ ಅದು ಆಗದಿದ್ದರೆ ಫಾಲೋ-ಅಪ್‌ಗೆ ಒಂದು ದಿನ ಅಂತ ಇಡದೆ ಹಿಂದೆ ಮುಂದೆ ಎರಡು ಮೂರು ವಾರದ ಅವಕಾಶ ಇಡಿ. ಅದನ್ನು ಪ್ರೋಟೊಕಾಲ್‌ನಲ್ಲೇ (ಅಧ್ಯಯನದ ಲಿಖಿತ ಯೋಜನೆ) ಬರೆಯಿರಿ.

ಇನ್ನೊಂದು ಸಣ್ಣ ವಿಷಯ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿಯ ಬಾಗಿಲು ತೆರೆದಿರುವ ದಿನಗಳಲ್ಲಿ ಊರಿಗೆ ಊರೇ ತುಂಬಿರುತ್ತದೆ. ಆ ದಿನಗಳಲ್ಲಿ ಹಾಸನದಲ್ಲಿ ತಪಾಸಣೆ ಶಿಬಿರ ಇಡುವ ಯೋಚನೆಯನ್ನು ಬಿಟ್ಟೇ ಬಿಡಿ.

2. ಎಷ್ಟು ಜನ ಬೇಕು

ಕೊನೆಗೆ 100 ಜನ ಉಳಿಯಬೇಕು, ಶೇಕಡಾ 20 ಜನ ಬಿಟ್ಟು ಹೋಗಬಹುದು ಅಂತಿಟ್ಟುಕೊಳ್ಳಿ. 120 ಸಾಕು ಅಂತ ಬಹಳ ಜನ ಬರೆಯುತ್ತಾರೆ. 120ರಲ್ಲಿ ಶೇಕಡಾ 20 ಹೋದರೆ ಉಳಿಯುವುದು 96. ಸರಿಯಾದ ಲೆಕ್ಕ 100ನ್ನು 0.8ರಿಂದ ಭಾಗಿಸುವುದು, ಅಂದರೆ 125.

ಜಾಸ್ತಿ ಜನರನ್ನು ಸೇರಿಸಿಕೊಂಡರೆ ಸಂಖ್ಯೆ ಉಳಿಯುತ್ತದೆ, ಬಯಾಸ್ ಮಾತ್ರ ಹೋಗುವುದಿಲ್ಲ. ಕಷ್ಟದಲ್ಲಿರುವವರೇ ಬಿಟ್ಟು ಹೋಗುತ್ತಿದ್ದರೆ 125 ಇರಲಿ, 1,000 ಇರಲಿ, ಉತ್ತರ ಅದೇ ಕಡೆಗೆ ವಾಲುತ್ತದೆ.

ಎಷ್ಟು ಡ್ರಾಪ್‌ಔಟ್ ಆದರೆ ತೊಂದರೆ? ಶೇಕಡಾ 5ಕ್ಕಿಂತ ಕಡಿಮೆಯಾದರೆ ಚಿಂತೆ ಇಲ್ಲ, 20 ದಾಟಿದರೆ ಅಪಾಯ ಅನ್ನುವ ಹಳೆಯ ರೂಢಿಯ ಮಾತು ಇದೆ. ಫಿಸಿಯೋಥೆರಪಿ ಪ್ರಯೋಗಗಳ ಗುಣಮಟ್ಟ ಅಳೆಯುವ ಪೆಡ್ರೊ ಸ್ಕೇಲ್‌ನಲ್ಲಿ, ಮೊದಲು ಗುಂಪುಗಳಿಗೆ ಹಂಚಿದವರಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಜನರ ಅಳತೆ ಸಿಕ್ಕಿದ್ದರೆ ಒಂದು ಅಂಕ. ಇವು ಗುರಿ ಇಟ್ಟುಕೊಳ್ಳಲು ಸರಿ. ಆದರೆ ಶೇಕಡಾ 10 ಜನ ಹೋಗಿ, ಆ ಹತ್ತೂ ಜನ ಹಾಸಿಗೆ ಹಿಡಿದವರೇ ಆಗಿದ್ದರೆ? 20ರ ಒಳಗೆ ಇದ್ದೇವೆ ಅಂತ ಸಮಾಧಾನ ಪಡುವ ಹಾಗಿಲ್ಲ ಅಲ್ವಾ?

3. ಫೋನಿನಲ್ಲೂ ಅಳೆಯಬಹುದಾದದ್ದನ್ನು ಆರಿಸಿ

ಆರು ನಿಮಿಷದ ನಡಿಗೆ ಪರೀಕ್ಷೆಗೆ ಸುಮಾರು 30 ಮೀಟರ್ ಉದ್ದದ ಸಮತಟ್ಟಾದ ಜಾಗ ಬೇಕು. ಅದು ಆಸ್ಪತ್ರೆಯ ಕಾರಿಡಾರ್‌ನಲ್ಲಿ ಸಿಗುತ್ತದೆ, ಮೂಡಿಗೆರೆಯ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಅಂಗಳದಲ್ಲಿ ಸಿಗುವುದಿಲ್ಲ. ಮುಖ್ಯ ಅಳತೆ ಇದೊಂದೇ ಆಗಿದ್ದರೆ ಆಸ್ಪತ್ರೆಗೆ ಬಾರದ ಪ್ರತಿಯೊಬ್ಬರೂ ಖಾಲಿ ಮನೆಯೇ. ಬಾರ್ಥೆಲ್ ಇಂಡೆಕ್ಸ್ ಬೇರೆ ಥರ. ಊಟ, ಸ್ನಾನ, ಬಟ್ಟೆ, ಮೆಟ್ಟಿಲು, ನಡಿಗೆ ಇತ್ಯಾದಿ ಹತ್ತು ವಿಷಯ ಕೇಳಿ 0ಯಿಂದ 100ರ ತನಕ ಅಂಕ ಕೊಡುವುದು. ಇದನ್ನು ಫೋನಿನಲ್ಲಿ ಕೇಳಬಹುದು, ಮನೆಯವರನ್ನೂ ಕೇಳಬಹುದು. ಮಾಡಿಫೈಡ್ ರ್‍ಯಾಂಕಿನ್ ಸ್ಕೇಲ್ ಕೂಡ ಹಾಗೆಯೇ, ಲಕ್ವದ ಮೇಲೆ ಎಷ್ಟು ಅಂಗವೈಕಲ್ಯ ಉಳಿದಿದೆ ಅಂತ ಅಳೆಯುವುದು. ಅದರಲ್ಲಿ 0 ಅಂದರೆ ಯಾವ ತೊಂದರೆಯೂ ಇಲ್ಲ, 6 ಅಂದರೆ ಸಾವು.

ಸಾವನ್ನು ಡ್ರಾಪ್‌ಔಟ್ ಜೊತೆ ಸೇರಿಸಬೇಡಿ. ತೀರಿಕೊಂಡವರ ಮಾಹಿತಿ ಕಳೆದುಹೋಗಿಲ್ಲ, ಅದೇ ಅವರ ಫಲಿತಾಂಶ.

4. ಸೇರಿಸಿಕೊಳ್ಳುವ ದಿನವೇ ಅರ್ಧ ಕೆಲಸ

ಒಂದು ಮೊಬೈಲ್ ನಂಬರ್ ಬರೆದುಕೊಂಡರೆ ಸಾಲದು. ಅದು ಬೆಂಗಳೂರಿನಲ್ಲಿರುವ ಮಗನ ನಂಬರ್ ಆಗಿರುತ್ತದೆ, ಅಥವಾ ಮುಂದಿನ ಆಫರ್ ಬಂದಾಗ ಸಿಮ್ ಬದಲಾಗುತ್ತದೆ. ಮೂರು ನಂಬರ್ ತೆಗೆದುಕೊಳ್ಳಿ: ಮನೆಯಲ್ಲಿ ಇರುವವರದ್ದು, ಬೇರೆ ಊರಲ್ಲಿರುವ ಹತ್ತಿರದ ನೆಂಟರದ್ದು, ಅಕ್ಕಪಕ್ಕದವರದ್ದು. ವಿಳಾಸಕ್ಕೆ ಊರಿನ ಹೆಸರಷ್ಟೇ ಬೇಡ. ಯಾವ ತೋಟ, ಯಾವ ಲೈನ್, ಬಸ್ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ನಡೆಯಬೇಕು, ಇದನ್ನೆಲ್ಲ ಬರೆಯಿರಿ. ನಡೆಯಬೇಕಾದ ದೂರ ಆಮೇಲೆ ಲೆಕ್ಕಕ್ಕೂ ಬರುತ್ತದೆ, ಮುಂದೆ ಹೇಳುತ್ತೇನೆ.

ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿಯ ನಂಬರ್ ತೆಗೆದುಕೊಂಡರೆ ಆಳನ್ನು ಹುಡುಕುವುದು ಸುಲಭ. ಆದರೆ ಕೂಲಿ ಕೊಡುವವರ ಕಿವಿಗೆ ಕಾಯಿಲೆಯ ವಿಷಯ ಬಿದ್ದರೆ ಕೆಲಸವೇ ಹೋಗಬಹುದು. ಆದ್ದರಿಂದ ಕೇಳದೆ ಆ ದಾರಿ ಹಿಡಿಯಬೇಡಿ. ರೋಗಿ ಒಪ್ಪಿದರೂ ರೈಟರ್ ಹತ್ತಿರ ‘ಒಂದು ಫೋನ್ ಮಾಡೋಕೆ ಹೇಳಿ’ ಅನ್ನುವುದಕ್ಕಿಂತ ಹೆಚ್ಚು ಮಾತು ಬೇಡ. ಆಶಾ ಕಾರ್ಯಕರ್ತೆಯರ ಸಹಾಯ ಕೇಳುವಾಗಲೂ ಅಷ್ಟೇ. ಅವರಿಗೆ ಈಗಾಗಲೇ ಕೈತುಂಬ ಕೆಲಸ ಇದೆ, ಪುಕ್ಕಟೆ ಕೆಲಸ ಹೇರಬೇಡಿ.

ಖರ್ಚಿನ ಮಾತು. ಮಲೆನಾಡಿನ ಒಳಗಿನ ಹಳ್ಳಿಯಿಂದ ಹಾಸನಕ್ಕೆ ಬರಬೇಕಾದರೆ ಮೊದಲು ಸಕಲೇಶಪುರಕ್ಕೆ ಒಂದು ಬಸ್, ಅಲ್ಲಿಂದ ಸುಮಾರು 40 ಕಿಲೋಮೀಟರ್‌ಗೆ ಇನ್ನೊಂದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ಖಾಸಗಿ ಬಸ್‌ನಲ್ಲಿ ಅದು ನಡೆಯುವುದಿಲ್ಲ. ಕೊಪ್ಪ, ಶೃಂಗೇರಿ ಕಡೆ ಖಾಸಗಿ ಬಸ್ಸನ್ನು ನಂಬಿಕೊಂಡಿರುವ ಊರುಗಳು ಎಷ್ಟೋ ಇವೆ. ಜೊತೆಗೆ ಬರುವ ಗಂಡನಿಗೋ ಮಗನಿಗೋ ಎಲ್ಲ ಬಸ್‌ನಲ್ಲೂ ಟಿಕೆಟ್. ಹೀಗಾಗಿ ಪ್ರಯಾಣಭತ್ಯೆ ಒಬ್ಬರಿಗೆ ಅಂತ ಬರೆಯಬೇಡಿ, ಇಬ್ಬರಿಗೆ ಅಂತ ಬರೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಪ್ರಯಾಣದ ಖರ್ಚು, ಹೋದ ಕೂಲಿ ತುಂಬಿಕೊಡುವುದನ್ನು ಒಪ್ಪುತ್ತದೆ. ಆಸೆ ತೋರಿಸಿ ಎಳೆದುಕೊಳ್ಳುವಷ್ಟು ದುಡ್ಡು ಕೊಡುವುದನ್ನು ಒಪ್ಪುವುದಿಲ್ಲ. ಎಥಿಕ್ಸ್ ಕಮಿಟಿ ಮುಂದೆ ಈ ಮೊತ್ತವನ್ನು ಮೊದಲೇ ಇಡಿ. ಹಣ ಅದೇ ದಿನ ಕೈಗೆ ಸೇರಬೇಕು. ‘ಬಿಲ್ ಪಾಸಾದ ಮೇಲೆ’ ಅಂದರೆ ಅವರು ಇನ್ನೊಂದು ಸಲ ಬರುವುದು ಕಷ್ಟ.

ಒಪ್ಪಿಗೆ ಪತ್ರ ಬರೆಯುವಾಗ ‘ಯಾವಾಗ ಬೇಕಾದರೂ ಬಿಡಬಹುದು’ ಅನ್ನುವ ಒಂದೇ ಸಾಲು ಹಾಕಿ ಮುಗಿಸುವುದು ರೂಢಿ. ಅದು ಅವರ ಹಕ್ಕು, ಇರಲೇಬೇಕು. ಆದರೆ ಬಿಡುವುದರಲ್ಲಿ ಮೂರು ಹಂತ ಇದೆ ಅಂತ ಬಿಡಿಸಿ ಹೇಳಿ. ವ್ಯಾಯಾಮ ಬಿಡಬಹುದು, ಅಳತೆಗೆ ಮಾತ್ರ ಬರಬಹುದು. ಬರುವುದನ್ನು ಬಿಡಬಹುದು, ಫೋನಿನಲ್ಲಿ ಮಾತಾಡಬಹುದು. ಅಥವಾ ಇನ್ನು ಮುಂದೆ ಸಂಪರ್ಕವೇ ಬೇಡ ಅನ್ನಬಹುದು. ಮೂರನೆಯದನ್ನು ಹೇಳಿದವರಿಗೆ ಮತ್ತೆ ಫೋನ್ ಮಾಡಬಾರದು. ಅಲ್ಲಿಯ ತನಕ ಕೊಟ್ಟ ಮಾಹಿತಿಯನ್ನು ಏನು ಮಾಡುತ್ತೀರಿ ಅನ್ನುವುದೂ ಪತ್ರದಲ್ಲಿ ಇರಲಿ. ನಾನು ನೋಡಿದ ಮಟ್ಟಿಗೆ, ಪೂರ್ತಿ ಬಿಡಬೇಕು ಅನ್ನುವವರು ಕಡಿಮೆ. ವ್ಯಾಯಾಮ ನಿಲ್ಲಿಸಿದ್ದಕ್ಕೆ ಬೈಯ್ಯುತ್ತಾರೆ ಅಂತ ನಾಚಿಕೊಂಡು ಬಾರದವರು ಜಾಸ್ತಿ. ವ್ಯಾಯಾಮ ಬಿಟ್ಟವರ ಅಳತೆಯೂ ಬೇಕು ಅಂತ ಮೊದಲ ದಿನವೇ ಹೇಳಿದರೆ ಆ ನಾಚಿಕೆ ಅರ್ಧ ಹೋಗುತ್ತದೆ.

ಸೇರಲು ಒಪ್ಪದವರ ವಯಸ್ಸು, ಲಿಂಗ, ತಾಲ್ಲೂಕನ್ನು ಹೆಸರಿಲ್ಲದೆ ಬರೆದಿಡಲು ಕಮಿಟಿಯ ಅನುಮತಿ ಕೇಳಿ. ಅಸ್ಸಾಂನಿಂದ ಬಂದ ತೋಟದ ಕಾರ್ಮಿಕರನ್ನು ‘ಊರಿಗೆ ಹೋಗಿಬಿಡುತ್ತಾರೆ’ ಅಂತ ಮೊದಲೇ ಹೊರಗಿಟ್ಟರೆ ಡ್ರಾಪ್‌ಔಟ್ ಕಡಿಮೆ ಕಾಣುತ್ತದೆ ನಿಜ. ಆದರೆ ನಿಮ್ಮ ಫಲಿತಾಂಶ ಅವರಿಗೆ ಅನ್ವಯಿಸುವುದಿಲ್ಲ ಅಂತಲೂ ಬರೆಯಬೇಕಾಗುತ್ತದೆ.

5. ಬರಲಿಲ್ಲ ಅಂದಾಗ

ಅವಕಾಶದ ವಾರ ಮುಗಿಯುವ ತನಕ ಕಾಯಬೇಡಿ, ತಪ್ಪಿದ ಮಾರನೇ ದಿನವೇ ಫೋನ್ ಮಾಡಿ. ಜನವರಿಯಲ್ಲಿ ಬೇಲೂರು ಕಡೆಗೆ ಮಾಡಿದರೆ ಮಾತು ಸಾಮಾನ್ಯವಾಗಿ ಹೀಗೆ ಇರುತ್ತದೆ:

‘ನಮಸ್ಕಾರ ಅಣ್ಣ, ಆಸ್ಪತ್ರೆಯಿಂದ ಮಾತಾಡ್ತಿದೀನಿ. ನಿನ್ನೆ ಆರು ತಿಂಗಳ ಚೆಕಪ್ ಇತ್ತಲ್ವಾ, ಕಾಯ್ತಾ ಇದ್ವಿ.’

‘ಅಯ್ಯೋ, ಹಣ್ಣು ಕುಯ್ಯಕ್ಕೆ ಹೋಗ್ತಾ ಇದೀನಿ ಕಣಮ್ಮ. ಕಾಲು ಚೆನ್ನಾಗೈತೆ. ಸುಮ್ನೆ ಒಂದಿನದ ಕೂಲಿ ಕಳ್ಕೊಂಡು ಅಲ್ಲಿಗ್ಯಾಕೆ ಬರ್ಲಿ?’

ಇಲ್ಲಿ ‘ಸರಿ ಅಣ್ಣ’ ಅಂತ ಫೋನ್ ಇಟ್ಟರೆ ಶೀಟಿನಲ್ಲಿ ಒಂದು ಖಾಲಿ ಮನೆ ಉಳಿಯುತ್ತದೆ. ‘ಒಳ್ಳೇದಾಯ್ತಣ್ಣ, ಐದೇ ನಿಮಿಷ ಫೋನಲ್ಲೇ ಕೇಳ್ಲಾ? ದಿಬ್ಬ ಹತ್ತುವಾಗ ಕೋಲು ಬೇಕಾ? ಸ್ನಾನ ನೀವೇ ಮಾಡ್ತೀರಾ?’ ಅಂತ ಮುಂದುವರಿಸಿದರೆ ಬಾರ್ಥೆಲ್ ಪೂರ್ತಿ ಸಿಗುತ್ತದೆ. ‘ಕಾಲು ಚೆನ್ನಾಗೈತೆ’ ಅನ್ನುವ ಮಾತು ಸುಮ್ಮನೆ ನೆಪ ಅಲ್ಲ, ನೀವು ವರ್ಷವಿಡೀ ಹುಡುಕುತ್ತಿದ್ದ ಉತ್ತರವೇ ಅದು.

ಇನ್ನೊಂದು ಥರದ ಫೋನ್ ಇರುತ್ತದೆ. ಸೊಸೆ ಎತ್ತುತ್ತಾರೆ. ‘ಅತ್ತೆ ಮಲಗಿದಾರೆ, ಆಮೇಲೆ ಮಾಡಿ.’ ಬೆಳಿಗ್ಗೆ ಮಾಡಿದರೂ ಅದೇ, ಸಂಜೆ ಮಾಡಿದರೂ ಅದೇ. ಇಂಥ ಕಡೆ ಹೆಚ್ಚಾಗಿ ಅಜ್ಜಿ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಹೇಳಿಕೊಳ್ಳಲು ಮನೆಯವರಿಗೆ ಸಂಕೋಚ. ಮನೆಗೆ ಹೋಗಿ ನೋಡುವುದಕ್ಕೆ ಇಟ್ಟ ದುಡ್ಡನ್ನು ಇಂಥ ಮನೆಗಳಿಗೇ ಮೊದಲು ಖರ್ಚು ಮಾಡಿ. ಹೋಗುವವರಿಗೆ ಅಜ್ಜಿ ಯಾವ ಗುಂಪಿನವರು, ವ್ಯಾಯಾಮದ್ದೋ ಮಾಮೂಲಿ ಆರೈಕೆಯದ್ದೋ ಅಂತ ಗೊತ್ತಿರಬಾರದು. ಗೊತ್ತಿದ್ದರೆ ಅಂಕ ಕೊಡುವ ಕೈ ತಾನಾಗಿ ಸಡಿಲವಾಗುತ್ತದೆ.

ಶೀಟಿನಲ್ಲಿ ಕಾರಣಕ್ಕೆ ಬೇರೆಯೇ ಒಂದು ಕಾಲಂ ಇರಲಿ. ಚೆನ್ನಾಗಿ ಆಗಿ ಕೆಲಸಕ್ಕೆ ಹೋದರು, ಸ್ಥಿತಿ ಹದಗೆಟ್ಟಿತು, ತೀರಿಕೊಂಡರು, ಕರೆತರುವವರಿಲ್ಲ, ದೂರ ಅಥವಾ ಖರ್ಚು, ಊರು ಬಿಟ್ಟರು, ಚಿಕಿತ್ಸೆ ಹಿಡಿಸಲಿಲ್ಲ, ಹೇಳಲು ಇಷ್ಟವಿಲ್ಲ, ಪತ್ತೆ ಇಲ್ಲ. ಇಷ್ಟು ಸಾಕು. ‘ವೈಯಕ್ತಿಕ ಕಾರಣ’ ಅನ್ನುವ ಪದವನ್ನು ಶೀಟಿನಿಂದ ಕಿತ್ತುಹಾಕಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರಣ ಹೇಳಬೇಕು ಅಂತ ಒತ್ತಾಯ ಮಾಡಬಾರದು ಅನ್ನುವುದು ಬೇರೆ ಮಾತು. ಅದಕ್ಕೇ ‘ಹೇಳಲು ಇಷ್ಟವಿಲ್ಲ’ ಅನ್ನುವ ಆಯ್ಕೆ ಇರುವುದು.

6. ಖಾಲಿ ಮನೆಗಳಲ್ಲೂ ಬಗೆ ಇದೆ

ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಹಾಕಿಕೊಟ್ಟ ಚೌಕಟ್ಟನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಪೂರ್ತಿ ಆಕಸ್ಮಿಕವಾಗಿ ಮಾಹಿತಿ ಹೋಗುವುದು ಒಂದು ಬಗೆ. ನಮಗೆ ಗೊತ್ತಿರುವ ವಿಷಯಗಳಿಂದ ವಿವರಿಸಬಹುದಾದ ರೀತಿಯಲ್ಲಿ ಹೋಗುವುದು ಎರಡನೆಯದು. ನಮ್ಮ ಕಣ್ಣಿಗೆ ಬೀಳದ ಆ ಫಲಿತಾಂಶದಿಂದಲೇ ಹೋಗುವುದು ಮೂರನೆಯದು.

ಆಲೂರು ಕಡೆ ರಸ್ತೆಗೆ ಆನೆ ಬಂದು ಆವತ್ತು ಬಸ್ಸೇ ಬರಲಿಲ್ಲ ಅನ್ನಿ. ಮೇಲ್ನೋಟಕ್ಕೆ ಇದು ಪೂರ್ತಿ ಆಕಸ್ಮಿಕ. ಆದರೆ ಆನೆ ಅರಸೀಕೆರೆ ಪೇಟೆಯವರ ಬಸ್ ನಿಲ್ಲಿಸುವುದಿಲ್ಲ, ತೋಟದ ಅಂಚಿನವರದ್ದನ್ನೇ ನಿಲ್ಲಿಸುತ್ತದೆ. ಹಾಗಾಗಿ ಇದು ಎರಡನೆಯ ಬಗೆ. ತಾಲ್ಲೂಕು, ಬಸ್ ನಿಲ್ಲುವ ಜಾಗದಿಂದ ಮನೆಗೆ ಇರುವ ದೂರ ಬರೆದಿಟ್ಟಿದ್ದರೆ ಲೆಕ್ಕದಲ್ಲಿ ಸರಿಪಡಿಸಬಹುದು. ಕಾಲು ಸೋತು ಬಾರದವರು ಮೂರನೆಯ ಬಗೆ.

ಎರಡನೆಯದೋ ಮೂರನೆಯದೋ ಅಂತ ಇರುವ ಮಾಹಿತಿಯನ್ನು ಎಷ್ಟು ಅಲ್ಲಾಡಿಸಿದರೂ ಸಾಬೀತು ಮಾಡಲಾಗದು. ಉಳಿದವರು ಮತ್ತು ಬಿಟ್ಟವರು ಮೊದಲ ದಿನ ಒಂದೇ ಥರ ಇದ್ದರು ಅಂತ ಟೇಬಲ್ ಹಾಕಿ ‘ಹೀಗಾಗಿ ಬಯಾಸ್ ಇಲ್ಲ’ ಅನ್ನುವವರಿದ್ದಾರೆ. ಟೇಬಲ್ ಹಾಕುವುದು ಸರಿ, ತೀರ್ಮಾನ ತಪ್ಪು. ಮೊದಲ ದಿನದ ಮೇಲೆ ಅವರಿಗೆ ಏನಾಯಿತು ಅನ್ನುವುದು ಆ ಟೇಬಲ್‌ನಲ್ಲಿ ಇರುವುದಿಲ್ಲ.

7. ಲೆಕ್ಕಕ್ಕೆ ಕೂತಾಗ

ಕೈಯಲ್ಲೇ ಮಾಡಬಹುದಾದ ಒಂದು ಕಾಲ್ಪನಿಕ ಲೆಕ್ಕ ನೋಡಿ. ವ್ಯಾಯಾಮದ ಗುಂಪಿನಲ್ಲಿ 60 ಜನ, ಮಾಮೂಲಿ ಆರೈಕೆಯ ಗುಂಪಿನಲ್ಲಿ 60 ಜನ. ವರ್ಷದ ಕೊನೆಗೆ ಮೊದಲನೆಯದರಲ್ಲಿ 40 ಜನ ಬಂದರು, 30 ಜನ ಸ್ವಂತವಾಗಿ ನಡೆಯುತ್ತಿದ್ದಾರೆ. ಎರಡನೆಯದರಲ್ಲಿ 50 ಜನ ಬಂದರು, ಅವರಲ್ಲೂ 30 ಜನ ನಡೆಯುತ್ತಿದ್ದಾರೆ. ಬಂದವರನ್ನಷ್ಟೇ ಎಣಿಸಿದರೆ ಶೇಕಡಾ 75ಕ್ಕೆ 60. ವ್ಯಾಯಾಮ ಗೆದ್ದ ಹಾಗೆ ಕಾಣುತ್ತದೆ. ಬಾರದವರು ಯಾರೂ ನಡೆಯುತ್ತಿಲ್ಲ ಅಂತ ಎಣಿಸಿದರೆ ಎರಡೂ ಕಡೆ 60ಕ್ಕೆ 30, ಅಂದರೆ ಶೇಕಡಾ 50. ಗೆಲುವು ಮಾಯ! ವ್ಯಾಯಾಮದವರಲ್ಲಿ ಬಾರದವರು ಯಾರೂ ನಡೆಯುತ್ತಿಲ್ಲ, ಮಾಮೂಲಿ ಗುಂಪಿನ ಬಾರದವರೆಲ್ಲ ನಡೆಯುತ್ತಿದ್ದಾರೆ ಅಂದರೆ ಶೇಕಡಾ 50ಕ್ಕೆ 67, ವ್ಯಾಯಾಮ ಸೋತಿತು.

ಈಗ ಫೋನ್ ಮಾಡಿದಿರಿ ಅನ್ನಿ. ವ್ಯಾಯಾಮದ ಗುಂಪಿನ 20 ಜನರಲ್ಲಿ 12 ಜನ ಕೆಲಸಕ್ಕೆ ಹೋಗುತ್ತಿದ್ದಾರೆ, ನಡೆಯುತ್ತಿದ್ದಾರೆ. ಉಳಿದ 8 ಜನ ಸಿಗಲಿಲ್ಲ. ಇನ್ನೊಂದು ಗುಂಪಿನ 10ರಲ್ಲಿ 3 ಜನ ನಡೆಯುತ್ತಿದ್ದಾರೆ, 5 ಜನ ಹಾಸಿಗೆ ಹಿಡಿದಿದ್ದಾರೆ, 2 ಜನ ಸಿಗಲಿಲ್ಲ. ಈಗ ವ್ಯಾಯಾಮಕ್ಕೆ ಅತಿ ಪ್ರತಿಕೂಲವಾದ ಊಹೆ ಮಾಡಿದರೂ 60ಕ್ಕೆ 42, ಅಂದರೆ ಶೇಕಡಾ 70. ಇನ್ನೊಂದು ಕಡೆ 60ಕ್ಕೆ 35, ಅಂದರೆ 58. ತೀರ್ಮಾನದ ದಿಕ್ಕು ಅಲ್ಲಾಡಲಿಲ್ಲ. ಇಷ್ಟು ಭದ್ರತೆ ಬಂದದ್ದು ಯಾವ ಸಾಫ್ಟ್‌ವೇರ್‌ನಿಂದಲೂ ಅಲ್ಲ, ಇಪ್ಪತ್ತು ಮೂವತ್ತು ಫೋನ್ ಕಾಲ್‌ನಿಂದ.

ಪ್ರಯೋಗವಾದರೆ ಯಾರನ್ನು ಯಾವ ಗುಂಪಿಗೆ ಹಾಕಿದ್ದಿರೋ ಅದೇ ಗುಂಪಿನಲ್ಲಿ ಎಣಿಸಿ. ವ್ಯಾಯಾಮ ಮಾಡದವರನ್ನು ತೆಗೆದುಹಾಕಬೇಡಿ. ಇಂಟೆನ್ಷನ್ ಟು ಟ್ರೀಟ್ ಅಂದರೆ ಇದೇ.

ಕೊನೆಯ ಸಲ ಸಿಕ್ಕ ಅಂಕವನ್ನೇ ಮುಂದಕ್ಕೆ ಎಳೆದು ತುಂಬುವ ಹಳೆಯ ಪದ್ಧತಿಯನ್ನು ಬಿಡಿ. 2010ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ವರದಿಯೂ ಇದನ್ನು ಸುಮ್ಮನೆ ರೂಢಿಯಂತೆ ಬಳಸಬೇಡಿ ಅಂದಿದೆ. ಪಾರ್ಕಿನ್ಸನ್ ಥರದ ಕಾಯಿಲೆಯನ್ನು ನೆನಸಿಕೊಳ್ಳಿ. ದಿನ ಹೋದಂತೆ ಸ್ಥಿತಿ ಇಳಿಯುತ್ತದೆ. ಮೂರನೇ ತಿಂಗಳಿಗೆ ಬಿಟ್ಟವರ ಅಂಕವನ್ನು ಹನ್ನೆರಡನೇ ತಿಂಗಳಿಗೆ ಹಾಕಿದರೆ, ಬೇಗ ಬಿಟ್ಟಷ್ಟೂ ಫಲಿತಾಂಶ ಚೆನ್ನಾಗಿ ಕಾಣುತ್ತದೆ! ಲಕ್ವದಲ್ಲಿ ಮೊದಲ ಮೂರು ತಿಂಗಳಲ್ಲೇ ಸುಧಾರಣೆ ಜಾಸ್ತಿ ಆಗುವುದರಿಂದ, ಮೊದಲ ತಿಂಗಳಿಗೇ ಬಿಟ್ಟವರಿಗೆ ಅನ್ಯಾಯವಾಗುತ್ತದೆ. ಕುಡಿತ ಬಿಡಿಸುವ ಅಧ್ಯಯನಗಳಲ್ಲಿ ಬಾರದವರೆಲ್ಲ ಮತ್ತೆ ಕುಡಿಯುತ್ತಿದ್ದಾರೆ ಅಂತ ಎಣಿಸುವ ರೂಢಿ ಇದೆ. ಎಷ್ಟೋ ಸಲ ಅದು ನಿಜವೂ ಇರಬಹುದು, ಆದರೂ ಅದೊಂದು ಊಹೆ ಅಂತ ಬರೆಯಲೇಬೇಕು.

ಅಳತೆ ಮೂರು ನಾಲ್ಕು ಸಲ ಆಗಿದ್ದರೆ ಮಿಕ್ಸೆಡ್ ಮಾಡೆಲ್ ಅನ್ನುವ ಸಂಖ್ಯಾಶಾಸ್ತ್ರದ ವಿಧಾನ ಬಳಸಿ. ಅದು ಒಂದೆರಡು ಸಲ ತಪ್ಪಿಸಿದವರನ್ನೂ ಸಿಕ್ಕಷ್ಟು ಮಾಹಿತಿಯೊಂದಿಗೆ ಉಳಿಸಿಕೊಳ್ಳುತ್ತದೆ. ಇಲ್ಲವಾದರೆ ಮಲ್ಟಿಪಲ್ ಇಂಪ್ಯುಟೇಷನ್. ಖಾಲಿ ಮನೆಗೆ ಸಾಧ್ಯವಿರುವ ಬೆಲೆಗಳನ್ನು ಹಲವು ಸಲ ತುಂಬಿ, ಪ್ರತಿ ಸಲದ ಉತ್ತರವನ್ನು ಒಟ್ಟುಗೂಡಿಸುವುದು. ಎಷ್ಟು ಶೇಕಡಾ ಜನರ ಮಾಹಿತಿ ಅಪೂರ್ಣವೋ ಕನಿಷ್ಠ ಅಷ್ಟು ಸಲ ತುಂಬಬೇಕು ಅನ್ನುವುದು ಅಂದಾಜಿನ ನಿಯಮ. ಆರ್ ಸಾಫ್ಟ್‌ವೇರ್‌ನಲ್ಲಿ ‘ಮೈಸ್’ ಅನ್ನುವ ಪ್ಯಾಕೇಜ್ ಪುಕ್ಕಟೆ ಸಿಗುತ್ತದೆ. ಬಸ್‌ನಿಂದ ಮನೆಗೆ ದೂರ, ಸೇರಿದ ತಿಂಗಳು, ಕರೆತರುವವರು ಇದ್ದಾರಾ, ಇವನ್ನೆಲ್ಲ ಮಾಡೆಲ್‌ಗೆ ಹಾಕಿ. ಮೊದಲ ದಿನ ಇವನ್ನು ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಈ ಎರಡು ವಿಧಾನಗಳೂ ಖಾಲಿ ಮನೆಗಳು ಎರಡನೆಯ ಬಗೆಯವು ಅಂತ ನಂಬಿಕೊಂಡೇ ನಡೆಯುತ್ತವೆ. ಆ ನಂಬಿಕೆ ತಪ್ಪಾದರೆ? ತುಂಬಿದ ಬಾರ್ಥೆಲ್ ಅಂಕದಿಂದ 5 ಕಳೆದು ನೋಡಿ, ಆಮೇಲೆ 10, ಆಮೇಲೆ 15. ಯಾವ ಹಂತದಲ್ಲಿ ನಿಮ್ಮ ತೀರ್ಮಾನ ಮುರಿಯುತ್ತದೆ? 5ಕ್ಕೇ ಮುರಿದರೆ ನಿಮ್ಮ ತೀರ್ಮಾನಕ್ಕೆ ಬಲವಿಲ್ಲ. 25ಕ್ಕೂ ಮುರಿಯದಿದ್ದರೆ ಧೈರ್ಯವಾಗಿ ಹೇಳಬಹುದು. ಬಿಟ್ಟವರು ನಿಜಕ್ಕೂ ಅಷ್ಟು ಕೆಟ್ಟ ಸ್ಥಿತಿಯಲ್ಲಿರಬಹುದಾ ಅಂತ ಸಂಖ್ಯಾಶಾಸ್ತ್ರದ ಗೈಡ್ ಅನ್ನು ಕೇಳುವುದಕ್ಕಿಂತ ಮನೆಗಳಿಗೆ ಹೋಗಿಬಂದ ಸಿಬ್ಬಂದಿಯನ್ನು ಕೇಳಿ.

ಈ ಪದ್ಧತಿಗಳಲ್ಲಿ ಯಾವುದನ್ನು ಬಳಸುತ್ತೀರಿ ಅಂತ ಮಾಹಿತಿ ನೋಡುವ ಮೊದಲೇ ಬರೆದಿಡಬೇಕು. ಪ್ರಯೋಗವಾದರೆ ಮೊದಲ ರೋಗಿ ಸೇರುವ ಮುಂಚೆ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣ) ನೋಂದಣಿ ಆಗಿರಬೇಕು, ಮುಖ್ಯ ಅಳತೆ ಯಾವುದು ಅಂತ ಅಲ್ಲೇ ದಾಖಲಾಗುತ್ತದೆ.

8. ಬರೆಯುವಾಗ

ಪ್ರಯೋಗದ ವರದಿ ಹೇಗಿರಬೇಕು ಅಂತ ಹೇಳುವ ಕನ್ಸಾರ್ಟ್ ಮಾರ್ಗಸೂಚಿಯ ಫ್ಲೋ ಚಾರ್ಟ್ ಹಾಕಿ, ಎಷ್ಟು ಜನ ಸೇರಿದರು, ಎಷ್ಟು ಜನ ಉಳಿದರು ಅಂತ ತೋರಿಸುವ ಚಿತ್ರ ಅದು. ಇದು 2010ರ ಆವೃತ್ತಿಯಲ್ಲೂ ಇದೆ, 2025ರ ಹೊಸದರಲ್ಲೂ ಇದೆ. ಪ್ರಯೋಗವಲ್ಲದ ಅಧ್ಯಯನಕ್ಕೆ ಅಂಥದ್ದೇ ಇನ್ನೊಂದು ಮಾರ್ಗಸೂಚಿಯಾದ ಸ್ಟ್ರೋಬ್ ನೋಡಿ. ಒಟ್ಟು ಎಷ್ಟು ಜನ ಬಿಟ್ಟರು ಅಂತ ಒಂದೇ ಅಂಕಿ ಕೊಡಬೇಡಿ. ಗುಂಪುವಾರು ಕೊಡಿ, ಕಾರಣವಾರು ಕೊಡಿ. ಎರಡೂ ಕಡೆ ಹತ್ತು ಹತ್ತು ಜನ ಹೋಗಿದ್ದರೂ, ಒಂದು ಕಡೆ ವ್ಯಾಯಾಮದಿಂದ ನೋವು ಬಂತು ಅಂತ ಹೋಗಿ, ಇನ್ನೊಂದು ಕಡೆ ಕುಯ್ಲಿಗೆ ಹೋಗಿದ್ದರೆ ಅದು ಸಮ ಆಗುವುದಿಲ್ಲ.

ಮೇಲಿನ ಕಾಲ್ಪನಿಕ ಲೆಕ್ಕವನ್ನೇ ಇಟ್ಟುಕೊಂಡರೆ ಮಿತಿಗಳ ಭಾಗದಲ್ಲಿ ಬರೆಯಬೇಕಾದ್ದು ಸುಮಾರು ಹೀಗಿರುತ್ತದೆ: ‘12 ತಿಂಗಳಿಗೆ ವ್ಯಾಯಾಮದ ಗುಂಪಿನಲ್ಲಿ 20 ಜನ, ಮಾಮೂಲಿ ಆರೈಕೆಯ ಗುಂಪಿನಲ್ಲಿ 10 ಜನ ಆಸ್ಪತ್ರೆಗೆ ಬರಲಿಲ್ಲ. ಕ್ರಮವಾಗಿ 12 ಮತ್ತು 8 ಜನರ ಸ್ಥಿತಿ ಫೋನ್ ಅಥವಾ ಮನೆ ಭೇಟಿಯಿಂದ ತಿಳಿಯಿತು. ಉಳಿದ 10 ಜನರ ಬಗ್ಗೆ ವ್ಯಾಯಾಮಕ್ಕೆ ಅತಿ ಪ್ರತಿಕೂಲವಾದ ಊಹೆ ಮಾಡಿದಾಗಲೂ ಗುಂಪುಗಳ ನಡುವಿನ ವ್ಯತ್ಯಾಸ ಅದೇ ದಿಕ್ಕಿನಲ್ಲಿತ್ತು, ಶೇಕಡಾವಾರು ಅಂತರ 12ಕ್ಕೆ ಇಳಿಯಿತು.’ ಇದರ ಕೆಳಗೆ ಎಷ್ಟು ಜನರ ಅಳತೆ ಫೋನಿನಲ್ಲಿ ಆಯಿತು, ಎಷ್ಟು ಜನರದ್ದು ಮುಖತಃ ಆಯಿತು ಅನ್ನುವುದನ್ನು ಗುಂಪುವಾರು ಒಂದು ಸಣ್ಣ ಟೇಬಲ್‌ನಲ್ಲಿ ಕೊಡಿ. ವೈವಾದಲ್ಲಿ ಮೊದಲು ಕೇಳುವುದು ಅದನ್ನೇ.